ತೂಕ ಒಂದೇ, ಚಿನ್ನ ಬೇರೆ

ಒಡವೆ ಅಂಗಡಿಯಲ್ಲಿ ಚಿನ್ನ ಒರೆಹಚ್ಚಿ ನೋಡುವ ಮಗಳಿಗೆ, ನಿನ್ನೆ ನಿನ್ನ ಮೇಲೆ ಕೂಗಾಡಿದ ಅಜ್ಜಿಯ ಆಶೀರ್ವಾದ.

ನನ್ನ ಬಳೆಯನ್ನೂ ಸರವನ್ನೂ ನೀನು ಕಲ್ಲಿಗೆ ಉಜ್ಜಿದಾಗ, "ಕೆರೆದು ಕೆರೆದು ಅರ್ಧ ನುಂಗ್ತೀಯೇನೇ?" ಎಂದುಬಿಟ್ಟೆ. ನೀನು ಸಿಟ್ಟಾಗಲಿಲ್ಲ. "ಅಜ್ಜಿ, ತೂಕ ಎರಡೂ ಒಂದೇ, ಚಿನ್ನ ಒಂದೇ ಅಲ್ಲ. ಇಪ್ಪತ್ನಾಲ್ಕು ಪಾಲಲ್ಲಿ ಬಳೆಗೆ ಇಪ್ಪತ್ತೆರಡು ಪಾಲು ಚಿನ್ನ, ಸರಕ್ಕೆ ಬರೀ ಹದಿನಾಲ್ಕು. ಉಳಿದಿದ್ದು ತಾಮ್ರ, ಬೆಳ್ಳಿ" ಅಂದೆ. ನಮ್ಮ ಯಜಮಾನರು ಅಪರಂಜಿಯೆಂದು ಮೀಸೆ ತಿರುವಿ ಕೊಟ್ಟ ಸರ ಅದು! ಕೇಳೋಣವೆಂದರೆ ಪುಣ್ಯಾತ್ಮರು ಈಗಿಲ್ಲ.

ಸರ ದೊಡ್ಡ ಮೊಮ್ಮಗಳಿಗೆ, ಬಳೆ ಚಿಕ್ಕವಳಿಗೆ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ನಾನೇ ಸಮ ತೂಗಿ ಇಟ್ಟಿದ್ದೆ. ದೊಡ್ಡವಳು ತಾಯಿಯಿಲ್ಲದವಳು, ಚಿಕ್ಕವಳು ನನ್ನ ಮಗನ ಎರಡನೆಯ ಹೆಂಡತಿಯ ಮಗಳು. ಮುಂದೆಂದಾದರೂ ಸರ ಪರೀಕ್ಷೆಗೆ ಬಂದಿದ್ದರೆ, ಅಜ್ಜಿಯೂ ತನಗೆ ಕಡಿಮೆಯದನ್ನೇ ಕೊಟ್ಟಳೆಂದು ದೊಡ್ಡವಳು ನೊಂದುಕೊಳ್ಳುತ್ತಿದ್ದಳು. ಹಾಗಲ್ಲ ಕಣೇ ಎನ್ನಲು ನಾನು ಇರುತ್ತಿರಲಿಲ್ಲ. ಆ ಅಪವಾದದಿಂದ ನನ್ನನ್ನು ಕಾಪಾಡಿದೆ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಎರಡನ್ನೂ ಒಟ್ಟಿಗೆ ಕರಗಿಸಿ, ಒಂದೇ ತರಹದ ಎರಡು ಬಳೆ ಮಾಡಿಸಿಕೊಡು. ಹದಿನೆಂಟು ಕ್ಯಾರೆಟ್ ಆಗುತ್ತದೆ ಎಂದೆಯಲ್ಲ, ಆಗಲಿ. ಒಳಬದಿಗೆ ಅದನ್ನೇ ಮುದ್ರೆ ಒತ್ತಿಸು. ನಮ್ಮ ಮನೆಯಲ್ಲಿ ಒಬ್ಬರು ಬಡಾಯಿ ಕೊಚ್ಚಿದ್ದು ಸಾಕು.

ಬಳೆ ಸಿದ್ಧವಾದರೆ ಹೇಳಿಕಳಿಸು, ಇಬ್ಬರನ್ನೂ ಕರೆತರುತ್ತೇನೆ. ಯಾವುದು ಬೇಕೆಂದು ದೊಡ್ಡವಳನ್ನು ಮೊದಲು ಕೇಳು. ಅವಳನ್ನು ಹಾಗೆ ಇದುವರೆಗೆ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ನಿನ್ನ ಉಪಕಾರ ಮರೆಯದ,
ಬಾಯಿ ಜೋರಿನ ಅಜ್ಜಿ