ಎಲ್ಲರೂ ಕಾಯುವ ಊರು

ಬನ್ನಂಜೆ, ಉಡುಪಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಫೌಸ್ಟಿನ್,

ಆಶ್ಲಿಯ ಮುತ್ತುಗಳು, ನನ್ನ ನೆನಪುಗಳು. ಆಗಸ್ಟಿನಲ್ಲಿ ಜೋನ್ ಕೈಯಲ್ಲಿ ನೀನು ಕಳಿಸಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಬೇಡ. ಅವನು ರಜೆ ಮುಗಿಸಿ ದೋಹಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ದಿನವೂ ಫೋನಿನಲ್ಲಿ ಮಾತಾಡುತ್ತೇವೆ, ನಿಜ. ಆದರೆ ನಿನ್ನ ಕೋಣೆಯಲ್ಲಿ ಯಾವಾಗಲೂ ಇನ್ನಾರೋ ಇರುತ್ತಾರೆ, ನನ್ನ ಪಕ್ಕದಲ್ಲಿ ಆಶ್ಲಿ. ಊಟ ಆಯಿತಾ, ಸೆಕೆ ಉಂಟಾ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಕೊಂಕಣಿ ನಮಗೆ ಬಾಯಿಗೆ; ಬರೆಯಲು ಕೂತರೆ ಶಾಲೆಯ ಕನ್ನಡವೇ ಕೈಗೆ ಬರುತ್ತದೆ.

ಕಾರ್ಕಳದಲ್ಲಿ ಅಮ್ಮ ಚೆನ್ನಾಗಿದ್ದಾರೆ, ಮಂಡಿನೋವು ಮಾತ್ರ ಬಿಟ್ಟಿಲ್ಲ. ಆಶ್ಲಿಯ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಥೇಟ್ ನಿನ್ನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ನನ್ನ ಪಿಎಚ್‌ಡಿ ಎಲ್ಲಿಗೆ ಬಂತು ಎಂದು ನೀನು ಕೇಳಿದ್ದೆಯಲ್ಲ. ಕಾಪು, ನಂದಿಕೂರು, ಕಾರ್ಕಳದ ಸುತ್ತಿನ ಹಳ್ಳಿಗಳು, ನಮ್ಮ ಬನ್ನಂಜೆ, ಎಲ್ಲ ಕಡೆ ಹೆಂಗಸರ ಸರ್ವೆ ಮುಗಿದಿತ್ತಲ್ಲ. ಗಂಡ ದುಡಿಯಲು ದೂರ ಹೋದರೆ ಮನೆಯಲ್ಲಿರುವವಳಿಗೆ ಒಂಟಿತನ ಹೆಚ್ಚುತ್ತದೆಯೇ ಎಂಬುದು ನನ್ನ ಪ್ರಶ್ನೆ. ಕಂಪ್ಯೂಟರಿಗೆ ಹಾಕಿದರೆ ಏನೂ ವ್ಯತ್ಯಾಸವಿಲ್ಲ ಎಂದು ಬಂತು. ಗಂಡ ಜೊತೆಯಲ್ಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಷ್ಟು ಸಿಟ್ಟು ಬಂತೆಂದರೆ, ಮಣಿಪಾಲದಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಮಣಿಪಾಲದ ನಮ್ಮ ವಿಭಾಗದಲ್ಲಿ ಧೃತಿ ಎಂಬ ಹುಡುಗಿ ನಮಗೆ ಅಂಕಿಅಂಶ ಕಲಿಸುತ್ತಾಳೆ. ನನಗಿಂತ ತುಂಬಾ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳೇ ಮಲ್ಟಿಲೆವೆಲ್ ಮಾಡೆಲ್ ಎಂಬ ಹಂತಹಂತದ ಲೆಕ್ಕ ಕಲಿಸಿದ್ದು. ಹೆಂಗಸು ಒಂದು ಊರಿನೊಳಗೆ ಇರುತ್ತಾಳೆ. ಎಲ್ಲರನ್ನೂ ಒಂದೇ ರಾಶಿಗೆ ಸುರಿದರೆ ಊರು ಕಾಣುವುದಿಲ್ಲ. ಊರಿನ ಸರಾಸರಿ ಮಾತ್ರ ತೆಗೆದರೆ ಹೆಂಗಸು ಕಾಣುವುದಿಲ್ಲ. ಎರಡನ್ನೂ ಬೇರೆ ಬೇರೆ ಹಂತದಲ್ಲಿಟ್ಟು ಒಟ್ಟಿಗೆ ನೋಡಬೇಕು. ಇಷ್ಟು ತಲೆಗೆ ಹೋಗಲು ನನಗೆ ಇಡೀ ಮಳೆಗಾಲ ಬೇಕಾಯಿತು. ವಾರವಿಡೀ ಮಕ್ಕಳಿಗೆ ಪಾಠ, ಶನಿವಾರಗಳೆಲ್ಲ ಇದಕ್ಕೇ ಹೋದವು.

ಕೊನೆಗೊಂದು ಶನಿವಾರ ಅವಳು ಪರದೆ ತೋರಿಸಿ, "ಅಕ್ಕ, ಏನೂ ಇಲ್ಲ ಅಂತ ಅಲ್ಲ. ಎರಡು ಸಂಗತಿ ಒಂದನ್ನೊಂದು ಮುಚ್ಚಿಕೊಂಡಿತ್ತು" ಎಂದಳು. ಒಂದೇ ಊರೊಳಗೆ ನೋಡಿದರೆ, ಗಂಡ ದೂರ ಇರುವವಳು ಗಂಡ ಮನೆಯಲ್ಲೇ ಇರುವ ನೆರೆಯವಳಿಗಿಂತ ಹೆಚ್ಚು ಒಂಟಿ. ಆದರೆ ಬಹಳ ಗಂಡಸರು ದೂರ ಹೋಗಿರುವ ಊರುಗಳಲ್ಲಿ ಹೆಂಗಸರ ಒಂಟಿತನವೇ ಕಡಿಮೆ. ಎಲ್ಲವನ್ನೂ ಒಟ್ಟು ಹಾಕಿದಾಗ ಈ ಏರು ಆ ಇಳಿತದಲ್ಲಿ ಮುಳುಗಿಹೋಗಿತ್ತು.

ನನಗೆ ನಂಬಲಾಗಲಿಲ್ಲ. ಮಾರನೆಯ ದಿನ ಚರ್ಚಿನ ಪೂಜೆ ಮುಗಿಸಿ ಆಶ್ಲಿಯನ್ನು ಕರೆದುಕೊಂಡು ಕಾಪುವಿಗೆ ಹೋದೆ. ಸರ್ವೆಯಲ್ಲಿ ಪರಿಚಯವಾದ ಸುಂದರಿಯಕ್ಕನ ಮನೆ ಅಲ್ಲಿ ಕಡಲಿಗೆ ಹತ್ತಿರ. ಅವರ ಗಂಡ ಆಳಸಮುದ್ರದ ಮೀನುಗಾರಿಕೆ ಬೋಟಿನಲ್ಲಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಸಂಜೆಯಾಗುತ್ತಲೇ ಅಂಗಳಕ್ಕೆ ಒಬ್ಬೊಬ್ಬರಾಗಿ ಹೆಂಗಸರು ಬಂದು ಕೂತರು. ಒಬ್ಬಳ ಗಂಡ ಬೋಟಿನಲ್ಲಿ, ಒಬ್ಬಳ ಗಂಡ ಮಸ್ಕತ್ತಿನಲ್ಲಿ. ಮಲ್ಲಿಗೆ ಕಟ್ಟುತ್ತ, ತುಳುವಿನಲ್ಲಿ ಯಾರನ್ನೋ ಬೈಯುತ್ತ ನಗುತ್ತಿದ್ದರು. ಆಶ್ಲಿ ಅವರ ಮಕ್ಕಳ ಜೊತೆ ಓಡಿಹೋದಳು. ನನಗೂ ಒಂದು ಮಣೆ ಹಾಕಿದರು.

ಸುಂದರಿಯಕ್ಕ ನನ್ನ ಮುಖ ನೋಡಿ, "ನಿಮಗೆ ಸಂಜೆ ಕೂತುಕೊಳ್ಳಲಿಕ್ಕೆ ಯಾರುಂಟು ಟೀಚರೇ?" ಎಂದರು.

ಮಗಳಿದ್ದಾಳೆ ಎಂದೆ. ಅವರು ನನ್ನ ಮಡಿಲಿಗೆ ಒಂದಿಷ್ಟು ಮೊಗ್ಗು ಹಾಕಿದರು. ಕಟ್ಟಲು ಬರಲಿಲ್ಲ, ಪಕ್ಕದವಳು ಬೆರಳು ಹಿಡಿದು ತೋರಿಸಿದಳು. ಎಷ್ಟು ಕಾಲವಾಯಿತು ಫೌಸ್ಟಿನ್, ದೊಡ್ಡವರೊಬ್ಬರು ನನ್ನ ಕೈ ಮುಟ್ಟಿ.

ನಮ್ಮ ಬೀದಿ ನಿನಗೆ ಗೊತ್ತಲ್ಲ. ಸಂಜೆ ಒಂದೊಂದೇ ಗೇಟು ಸದ್ದಾಗುತ್ತದೆ, ಒಬ್ಬೊಬ್ಬರಾಗಿ ಯಜಮಾನರು ಮನೆಗೆ ಬರುತ್ತಾರೆ. ಆಮೇಲೆ ಜೋಡಿಜೋಡಿಯಾಗಿ ವಾಕಿಂಗ್ ಹೊರಡುತ್ತಾರೆ. ಯಾರೂ ಕೆಟ್ಟವರಲ್ಲ. ನನ್ನನ್ನು ಕಂಡರೆ, ನಿನ್ನ ಸುದ್ದಿ ಕೇಳಿ, ಮುಂದೆ ಹೋಗುತ್ತಾರೆ. ನಾನು ಒಳಗೆ ಹೋಗಿ ಮಿಕ್ಸಿ ಹಾಕುತ್ತೇನೆ, ಏನಾದರೂ ಸದ್ದಿರಲಿ ಎಂದು.

ಹಾಗಾಗಿ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಸುಂದರಿಯಕ್ಕನ ಮನೆಯ ಪಕ್ಕದಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಮಾತಾಡಿದ್ದೇನೆ. ಮುಂದಿನ ತಿಂಗಳು ಹೋಗುತ್ತೇವೆ. ಆಶ್ಲಿಯ ಶಾಲೆಗೆ ನೇರ ಬಸ್ಸು ಉಂಟು. ನೀನು ಅಷ್ಟು ದೂರದಿಂದ, ಟೈಲ್ಸಿನ ಬಣ್ಣವನ್ನೂ ಫೋನಿನಲ್ಲೇ ಆರಿಸಿ ಕಟ್ಟಿಸಿದ ಮನೆಗೆ ಬೀಗ ಹಾಕುವುದೆಂದರೆ ನಿನಗೆ ಎಂತ ಅನಿಸೀತು ಎಂದು ಬಲ್ಲೆ. ಮನೆ ಚೆಂದ ಉಂಟು, ಫೌಸ್ಟಿನ್. ಅದರಲ್ಲಿ ನೀನಿಲ್ಲ, ಅಷ್ಟೇ. ಬೈಯುವುದಾದರೆ ಕಾಗದದಲ್ಲಿ ಬೈ, ಫೋನಿನಲ್ಲಿ ಬೇಡ.

ಬಿಸಿಲಿಗೆ ತಲೆ ಕೊಡಬೇಡ. ಜೋನ್ ಜೊತೆ ಉಪ್ಪಿನಕಾಯಿ ಕಳಿಸಿದ್ದೇನೆ, ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ. ಮಾತೆ ಮರಿಯಮ್ಮ ನಿನ್ನ ಬೆನ್ನಿಗಿದ್ದು ಕಾಯಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ.

ನಿನ್ನವಳೇ,
ವನೆಸ್ಸಾ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲು ಹಿಂಜರಿದದ್ದು. ಏಪ್ರಿಲಿನಲ್ಲಿ ನೀನು ಬಂದಿಳಿದ ಸಂಜೆ ಸ್ನಾನಕ್ಕೆ ಹೋಗಿದ್ದೆಯಲ್ಲ, ಆಗ ಆಶ್ಲಿ ಅಡುಗೆಮನೆಗೆ ಬಂದು, "ಡ್ಯಾಡಿ ಯಾವಾಗ ಹೋಗುವುದು?" ಎಂದು ಮೆಲ್ಲಗೆ ಕೇಳಿದಳು. ನಿನ್ನ ಪೆಟ್ಟಿಗೆಯ ಹಗ್ಗವನ್ನು ಕೂಡ ಇನ್ನೂ ಬಿಚ್ಚಿರಲಿಲ್ಲ. ನೀನು ಬೇಡವೆಂದಲ್ಲ; ಅಷ್ಟು ಹೊತ್ತೂ ಅವಳು ನಿನ್ನ ಅಂಗಿಯ ತುದಿ ಬಿಟ್ಟಿರಲಿಲ್ಲ. ಗದರಿಸೋಣವೆಂದುಕೊಂಡೆ, ಆಗಲಿಲ್ಲ. ಏರ್‌ಪೋರ್ಟಿನಲ್ಲಿ ನಿನ್ನನ್ನು ಕಂಡ ಗಳಿಗೆಯಿಂದ ನನ್ನ ಬಾಯಲ್ಲೂ ಅದೇ ಪ್ರಶ್ನೆ ಇತ್ತು.