ನೀವು ಮಾಡಿಸಿದ ಆಣೆ, ನಮ್ಮ ಕೂಸಿನ ಮಾತು

ಮಾಸ್ತರರೇ,

ನಮಸ್ಕಾರ ಬರೆಯುತ್ತಿಲ್ಲ. ಮನೆ ಜಾಗಕ್ಕಾಗಿ, ಶಾಲೆಗಾಗಿ ಮೂವತ್ತು ವರ್ಷ ನಿಮ್ಮ ಹಿಂದೆ ಘೋಷಣೆ ಕೂಗಿದ ಬಾಯಿ ಇದು, ಇವತ್ತು ನಿಮ್ಮ ವಿರುದ್ಧವೇ ತೆರೆದಿದೆ. ನೀವು ತೀರಿಕೊಂಡ ದಿನ ನಿಮ್ಮ ಕಾಲ ಬಳಿ ಕೂತು ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ. ಎರಡು ವರ್ಷವಾಯಿತು. ಈಗ ಆ ಅಳು ನೆನಪಾದರೆ ಸಿಟ್ಟು ಬರುತ್ತದೆ. ಬದುಕಿದ್ದಾಗ ನೀವು ಹೇಳುವವರು, ನಾವು ಕೇಳುವವರು. ಇವತ್ತು ನೀವು ಸುಮ್ಮನಿರಿ.

ಆ ಸಂಜೆ ನೆನಪಿದೆಯೇ? ಅಂಕೋಲೆಯ ಕಡಲಂಚಿನ ನಮ್ಮ ಖಾರ್ವಿ ಕೇರಿ, ಮೀನುಗಾರರ ಕೇರಿ, ಮನೆಮಾತು ಕೊಂಕಣಿ. ಮನೆ ಜಾಗದ ಅರ್ಜಿ ಕೊಡಲು ಹೋಗಿದ್ದ ನಮ್ಮ ಹೆಂಗಸರ ಕನ್ನಡ ಕೇಳಿ ಕಚೇರಿಯ ಗುಮಾಸ್ತನೊಬ್ಬ ನಕ್ಕಿದ್ದ. ನೀವು ಕುದಿಯುತ್ತ ಬಂದಿರಿ. ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ಆ ಗುಮಾಸ್ತನ ಮೇಲೆ ಹೋಗಬೇಕಾದ ಸಿಟ್ಟು ನಮ್ಮ ತೊಟ್ಟಿಲುಗಳ ಮೇಲೆ ಯಾಕೆ ಬಂತು? “ಮಗುವಿನ ತಲೆ ಒಂದು ಸಣ್ಣ ಕೊಡ. ಮೊದಲೇ ಕೊಂಕಣಿ ತುಂಬಿಟ್ಟರೆ ಕನ್ನಡಕ್ಕೆ ಜಾಗ ಎಲ್ಲಿ?” ಎಂದಿರಿ. ಮನೆಯ ಯಾವ ಮಗುವಿನ ಜೊತೆಗೂ ಅದು ಶಾಲೆಗೆ ಸೇರುವವರೆಗೆ ಕೊಂಕಣಿ ಆಡುವುದಿಲ್ಲ ಎಂದು ಪ್ರತಿಯೊಬ್ಬಳಿಂದಲೂ ಆಣೆ ಮಾಡಿಸಿದಿರಿ. ಬಾಯಿಮಾತಿನ ಆಣೆ ಸಾಲದೆಂದು ತಂಬಿಗೆಯಲ್ಲಿ ಕಡಲ ನೀರು ತರಿಸಿದಿರಿ. ಗಂಡಸರನ್ನು ಬೋಟಿಗೆ ಕಳಿಸಿ ದಡದಲ್ಲಿ ಕಾಯುವ ಹೆಂಗಸು ಆ ನೀರಿನ ಆಣೆ ಮುರಿಯಲಾರಳು ಎಂಬುದು ನಿಮಗೆ ಚೆನ್ನಾಗಿ ಗೊತ್ತಿತ್ತು. ಅಂಗೈ ಅಂಗೈಗೆ ನೀರು ಸುರಿದವಳು ನಾನು. ಆಗ ನನಗೆ ಇಪ್ಪತ್ತೆರಡು ವರ್ಷ, ಎದೆಯುಬ್ಬಿಸಿಕೊಂಡಿದ್ದೆ. ನನ್ನ ಆಯಿಯ, ಹೆತ್ತ ತಾಯಿಯ, ಅಂಗೈಗೆ ತುಸು ಜಾಸ್ತಿಯೇ ಸುರಿದೆ.

ನನ್ನ ಮಗ ಗಣೇಶ ಹುಟ್ಟಿದಾಗ ನೀವೇ ಬಂದು ಅವನ ಕಿವಿಯಲ್ಲಿ ಕನ್ನಡದಲ್ಲಿ ಹೆಸರು ಹೇಳಿದಿರಿ. ಅವನು ಚುರುಕಾಗಿ ಮಾತು ಕಲಿತ. ಆ ಆಣೆಯ ಫಲವೆಂದು ನೀವು ಸಭೆ ಸಭೆಯಲ್ಲಿ ಅವನನ್ನು ಎತ್ತಿ ತೋರಿಸಿದಿರಿ. ಸುಳ್ಳು ಮಾಸ್ತರರೇ. ಅವನು ಬೆಳೆದದ್ದು ಕೇರಿಯಲ್ಲಿ. ನಾನು ಕನ್ನಡ ಆಡಿದೆ, ಹೌದು. ಆದರೆ ಪಕ್ಕದ ಮನೆಯ ಮಕ್ಕಳು, ಬಲೆ ಹೊಲಿಯುವ ಮುದುಕರು, ಮೀನು ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ಜಗಳ ಕಾಯುವ ಹೆಂಗಸರು, ಎಲ್ಲರೂ ಅವನ ಮೇಲೆ ಕೊಂಕಣಿಯನ್ನು ಮಳೆಯಂತೆ ಸುರಿದರು. ಎರಡೂ ಅವನ ನಾಲಗೆಗೆ ಹತ್ತಿದವು. ನಿಮ್ಮ ಕೊಡ ಅಲ್ಲಿಯೇ ಒಡೆದಿತ್ತು. ನೋಡುವ ಕಣ್ಣು ನಿಮಗೂ ಇರಲಿಲ್ಲ, ನನಗೂ…

ಗಣೇಶನ ಮಗಳು ಸಾನ್ವಿ ಹುಟ್ಟಿದಾಗ ನಮ್ಮ ಸಂಸಾರ ಕಾರವಾರದ ಮಗ್ಗುಲಿನ ಶಿರವಾಡದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದಿತ್ತು. ಗಣೇಶನಿಗೆ ಕಾರವಾರದಲ್ಲಿ ಬೋಟಿನ ಇಂಜಿನ್ ರಿಪೇರಿ ಕೆಲಸ. ಸೊಸೆ ರೇಷ್ಮಾ ಔಷಧಿ ಅಂಗಡಿಯಲ್ಲಿ. ಆರು ತಿಂಗಳ ಕೂಸನ್ನು ನೋಡಿಕೊಳ್ಳಲು ಕೇರಿಯಿಂದ ಆಯಿಯನ್ನು ಕರೆತಂದರು. ಅವರಿಬ್ಬರೂ ರಾತ್ರಿ ಮನೆ ಸೇರುವಷ್ಟರಲ್ಲಿ ಕೂಸು ಮಲಗಿರುತ್ತಿತ್ತು. ನಾನು ಎಲ್ಲಿದ್ದೆ? ಧರಣಿಯಲ್ಲಿ. ಬೇರೆಯವರ ಮಕ್ಕಳ ಹಕ್ಕಿಗಾಗಿ. ಒಂದು ಮಧ್ಯಾಹ್ನ ಸಭೆ ಬೇಗ ಮುಗಿದು ಮನೆಗೆ ಬಂದರೆ ಬಾಗಿಲು ತೆರೆದೇ ಇದೆ, ಒಳಗೆ ಒಂದು ಮನುಷ್ಯದನಿ ಇಲ್ಲ. ಆಯಿ ಕೂಸನ್ನು ಮೀಯಿಸುತ್ತಾಳೆ, ಒರೆಸುತ್ತಾಳೆ, ಉಣಿಸುತ್ತಾಳೆ, ಎಲ್ಲವೂ ಬಾಯಿ ಮುಚ್ಚಿ. ಎದುರಿಗೆ ಆನಿಸಿಟ್ಟ ಮೊಬೈಲಿನಲ್ಲಿ ಇಂಗ್ಲಿಷ್ ಪದ್ಯ ಕುಣಿಯುತ್ತಿದೆ. ಕೂಸಿನ ಕಣ್ಣು ಅದಕ್ಕೆ ಅಂಟಿದೆ. ಎಷ್ಟು ಶಾಂತವಾದ ಮಗು ಎಂದುಕೊಂಡೆ. ಹಾಗೆ ಅಂದುಕೊಂಡ ನನ್ನ ಕೆನ್ನೆಗೆ ಹೊಡೆಯುವವರು ಅಲ್ಲಿ ಯಾರೂ ಇರಲಿಲ್ಲ.

ಎರಡೂವರೆ ವರ್ಷವಾದರೂ ಸಾನ್ವಿ ಒಂದು ಮಾತು ಆಡದೇ ಹೋದಾಗ ಕಾರವಾರದ ಆಸ್ಪತ್ರೆಗೆ ಹೋದೆವು. ಮಾತು ಕಲಿಸುವ ಡಾಕ್ಟರಮ್ಮ ನನ್ನ ಮಗನಿಗಿಂತ ಸಣ್ಣವಳು. ನಾನು ಕೂತ ಕೂಡಲೇ ಭಾಷಣ ಶುರು ಮಾಡಿದೆ. “ಮನೆಯಲ್ಲಿ ಎರಡು ಭಾಷೆ ಇದೆ, ಅದಕ್ಕೇ ಗೊಂದಲ ಆಗಿರಬೇಕು. ನಾವು ಕೊಂಕಣಿ ಪೂರಾ ನಿಲ್ಲಿಸಿದ್ದೇವೆ.” ಯಾರ ಮಾತು ಅದು? ನಿಮ್ಮದೇ. ಅವಳು ಮೊದಲು ಕಿವಿ ಪರೀಕ್ಷೆ ಮಾಡಿಸಿದಳು. ಕಿವಿ ಸರಿ ಇತ್ತು. ಗೊಂಬೆ ಕೊಟ್ಟು ಬಹಳ ಹೊತ್ತು ಸಾನ್ವಿಯ ಜೊತೆ ಆಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: “ದಿನಾ ಇವಳ ಜೊತೆ ಮಾತಾಡೋದು ಯಾರು?”

ಗಣೇಶ ರೇಷ್ಮಾಳ ಮುಖ ನೋಡಿದ. ರೇಷ್ಮಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

“ಆಂಟಿ, ಎರಡಲ್ಲ, ಮೂರು ಭಾಷೆ ಆಡಿ. ಮಕ್ಕಳು ಕೆಡೋದಿಲ್ಲ. ಯಾವ ಭಾಷೆನೂ ಆಡದಿದ್ರೆ ಕಷ್ಟ,” ಎಂದಳು. ಹೊಟ್ಟೆಯಲ್ಲಿರುವಾಗಲೇ ಕೂಸು ತಾಯಿಯ ದನಿಯ ಏರಿಳಿತ ಕೇಳಿಸಿಕೊಳ್ಳುತ್ತದಂತೆ. ಹುಟ್ಟಿದ ಹೊಸದರಲ್ಲಿ ಯಾವ ದೇಶದ ಮಾತಿನ ಸದ್ದನ್ನಾದರೂ ಬೇರ್ಪಡಿಸುವ ಕಿವಿ ಅದಕ್ಕಿರುತ್ತದಂತೆ. ವರ್ಷ ತುಂಬುವಷ್ಟರಲ್ಲಿ ಸುತ್ತಲಿನವರ ಮಾತಿಗೆ ಕಿವಿ ಹದವಾಗುತ್ತದೆ. ಆ ಮೊದಲ ವರ್ಷಗಳಲ್ಲಿ ಮಿದುಳಿನ ನರಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಭರಾಟೆ ಮುಂದೆ ಎಂದೂ ಬರುವುದಿಲ್ಲ. ಬಳಸಿದ ಕೊಂಡಿ ಗಟ್ಟಿಯಾಗುತ್ತದೆ, ಬಳಸದೇ ಬಿಟ್ಟದ್ದು ಸವೆದು ಹೋಗುತ್ತದೆ. ಕೂಸು ಊಂ ಅಂದರೆ ಎದುರಿನವರು ಊಂ ಅನ್ನಬೇಕು, ಅದು ನಕ್ಕರೆ ನಗಬೇಕು, ಅದು ಕಾಗೆ ನೋಡಿದರೆ ಕಾಗೆಯ ಸುದ್ದಿ ತೆಗೆಯಬೇಕು. ಮೊಬೈಲು ಮಾತಾಡುತ್ತದೆ, ಉತ್ತರ ಕೊಡುವುದಿಲ್ಲ. “ಮಾತು ತಡ ಆಗೋಕೆ ಬೇರೆ ಕಾರಣನೂ ಇರ್ತವೆ. ನಾನು ನೋಡ್ತಾ ಇರ್ತೀನಿ, ಪ್ರತಿ ವಾರ ಕರ್ಕೊಂಡು ಬನ್ನಿ. ಆದ್ರೆ ಇವತ್ತಿಂದಲೇ ಮನೇಲಿ ಮಾತು ಶುರುವಾಗ್ಲಿ,” ಎಂದಳು. ಕೊಡವಂತೆ ಕೊಡ! ನೀವು ಆರನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತಿದ್ದಿರಲ್ಲ ಮಾಸ್ತರರೇ, ಮಗುವಿನ ತಲೆಯ ಬಗ್ಗೆ ನಿಮಗೆ ಹೇಳಿದವರು ಯಾರು? ಯಾರನ್ನಾದರೂ ಕೇಳಿದ್ದಿರಾ? ಒಬ್ಬ ತಾಯಿಯನ್ನಾದರೂ?

ಮನೆಗೆ ಬಂದು ಆಯಿಗೆ ಹೇಳಿದೆ, ಇನ್ನು ಕೊಂಕಣಿಯಲ್ಲೇ ಮಾತಾಡು. ಅವಳು ಆಗದೆಂದು ತಲೆ ಅಲ್ಲಾಡಿಸಿದಳು. ಅವಳು ಹೇಳಿದ್ದು ಕೊಂಕಣಿಯಲ್ಲಿ. ನಮ್ಮ ನಡುವೆ ಅಷ್ಟು ವರ್ಷ ಇದ್ದೂ ನೀವು ಅದನ್ನು ಕಲಿಯಲಿಲ್ಲ, ಆದ್ದರಿಂದ ಅಂಕೋಲೆಯ ಪೇಟೆಯಲ್ಲಿ ಅವಳು ಆಡುತ್ತಿದ್ದ ಕನ್ನಡದಲ್ಲಿ ಬರೆಯುತ್ತೇನೆ.

“ಆಣೆ ಮಾಡೀನಲ್ಲೇ ನಾಗೂ.”

“ಮೂವತ್ತು ವರ್ಷದ ಹಿಂದಿನ ಆಣೆ ಆಯಿ!”

“ದರ್ಯಾಕ್ಕೆ, ಆ ಸಮುದ್ರಕ್ಕೆ, ವರ್ಷ ಲೆಕ್ಕ ಅದೆಯನೇ? ನಿನ್ನ ತಮ್ಮ ದಿನಾ ಬೋಟಿಗೆ ಹೋಗ್ತಾನೆ. ನಾ ಮುರಿದ್ರೆ ಅದು ಅವನ್ನ ಕೇಳ್ತದೆ.”

“ಹಂಗಾರೆ ಕನ್ನಡದಲ್ಲಾದ್ರೂ ಆಡಬೌದಿತ್ತಲ್ಲ?”

ಆಯಿ ನನ್ನನ್ನು ನೋಡಿದ ನೋಟವನ್ನು ನಿಮಗೆ ಹೇಗೆ ಬರೆಯಲಿ? “ಕನ್ನಡದಲ್ಲಿ ನಂಗೆ ಮೀನು ಮಾರೂಕೆ ಬತ್ತದೆ. ಕೂಸು ಆಡ್ಸೂಕೆ ಬರೂದಿಲ್ಲ.”

ಎರಡು ವರ್ಷ ಆ ಮುದುಕಿ ಮುದ್ದಿನ ಮಾತು ಬಾಯಿಗೆ ಬಂದಾಗೆಲ್ಲ ನುಂಗಿಕೊಂಡು ಕೂತಿದ್ದಳು ಮಾಸ್ತರರೇ. ಆಣೆಯನ್ನು ಯಾರು ಬಿಡಿಸಬೇಕು ಎಂದು ಕೇಳಿದೆ. “ಮಾಡ್ಸ್ದವ್ರೇ ಬಿಡಸ್ಬೇಕು. ಮಾಸ್ತರ್ರು ಹೋದ್ರು. ನೀರು ಹಾಕ್ದವ್ಳು ಉಳ್ಕಂಡಿದೆ.” ನನ್ನತ್ತ ಬೆರಳು. “ನಾಲ್ಕು ಮಂದಿ ಎದುರಿಗೆ ನೀ ಹಾಕ್ದೆ. ನಾಲ್ಕು ಮಂದಿ ಎದುರಿಗೇ ತಪ್ಪಾಯ್ತು ಅನ್ನು.”

ಭಾನುವಾರ ಕೂಸನ್ನೂ ಆಯಿಯನ್ನೂ ಕರೆದುಕೊಂಡು ಅಂಕೋಲೆ ಬಸ್ಸು ಹತ್ತಿದೆ. ಹಟ್ಟಿಕೇರಿ ದಾಟುವಾಗ ಇಳಿದು ವಾಪಸು ಹೋಗಿಬಿಡಲೇ ಎಂದು ಎದ್ದು ನಿಂತೆ. ಪೊಲೀಸರ ವ್ಯಾನು ಹತ್ತುವಾಗ ಒಮ್ಮೆಯೂ ಹಿಂಜರಿದವಳಲ್ಲ. ತಪ್ಪಾಯಿತು ಎನ್ನುವ ಪಾಠವನ್ನು ನೀವು ನಮಗೆ ಕಲಿಸಿರಲಿಲ್ಲವಲ್ಲ. ತಪ್ಪು ಯಾವಾಗಲೂ ಸರ್ಕಾರದ್ದು, ಧಣಿಯದ್ದು, ಗುಮಾಸ್ತನದ್ದು. ಕೇರಿಯಲ್ಲಿ ಮೀನು ಒಣಹಾಕುವ ಜಾಗದಲ್ಲಿ ಹಳೆಯ ಹೆಂಗಸರು ಐದಾರು ಜನ ಕೂತಿದ್ದರು. ನಿಂತು ಹೇಳಿದೆ. ನಾವು ಮಾಡಿಸಿದ ಆಣೆ ತಪ್ಪು. ಕೂಸುಗಳ ಬಾಯಿಗೆ ನಾವು ಬೀಗ ಹಾಕಿದೆವು. ನಾನು ನೀರು ಹಾಕಿದೆ, ನಾನೇ ವಾಪಸು ತಗೊಳ್ಳುತ್ತೇನೆ. ತಪ್ಪಾಯಿತು.

ಆಮೇಲೆ ದೇವಕಿ, ಅವತ್ತು ನಿಮ್ಮ ಎದುರಿಗೆ ಎಲ್ಲರಿಗಿಂತ ಮೊದಲು ಅಂಗೈ ಚಾಚಿದ ಅದೇ ದೇವಕಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಆ ಆಣೆಯನೇ? ನಾ ಆ ರಾತ್ರಿಗೇ ಮುರ್ದೆ! ಕೂಸು ಅಳ್ತಿತ್ತು, ನಿಮ್ಮ ಮಾಸ್ತರ್ರು ಬಂದು ತೊಟ್ಲು ತೂಗ್ತಿದ್ರನೇ?”

“ನಾ ಮೂರು ದಿನ ತಡ್ದೆ ಮಾರಾಯ್ತಿ,” ಎಂದಳು ಇನ್ನೊಬ್ಬಳು. “ಆಮೇಲೆ ಸಮುದ್ರಕ್ಕೊಂದು ಕಾಯಿ ಒಡ್ದೆ, ಮುಗೀತು.”

ದೇವಕಿ ಆಯಿಯ ಕಡೆ ತಿರುಗಿದಳು. “ಅಕ್ಕಾ, ನೀ ಖರೇನೇ ಇಟ್ಕಂಡಿದ್ಯನೇ? ಎಂತಕ್ಕೇ?”

“ನನ್ನ ಮಗಳೇ ಹಾಕಿದ ನೀರಲ್ವನೇ,” ಎಂದಳು ಆಯಿ.

ನಾನು ಒಣಮೀನಿನ ಚಾಪೆಯ ಪಕ್ಕ ಆಯಿಯ ಎದುರು ಕೂತೆ. ಇಡೀ ಕೇರಿಯಲ್ಲಿ ನಿಮ್ಮನ್ನು ನಂಬಿದ್ದು ಇಬ್ಬರೇ ಮಾಸ್ತರರೇ, ನಾನು ಮತ್ತು ನನ್ನನ್ನು ನಂಬಿದ ನನ್ನ ತಾಯಿ. ಉಳಿದವರು ನಿಮಗೆ ಜೈ ಎಂದರು, ಮನೆಗೆ ಹೋಗಿ ತಮ್ಮ ಮಕ್ಕಳನ್ನು ಉಳಿಸಿಕೊಂಡರು. ಅವರಿಗಿದ್ದ ಬುದ್ಧಿ ನಮಗಿರಲಿಲ್ಲ. ಆಯಿ ನಿಧಾನವಾಗಿ ಕೂಸನ್ನು ತನ್ನತ್ತ ತಿರುಗಿಸಿಕೊಂಡಳು. “ಯೇ ಗೋ ಬಾಯೆ,” ಎಂದಳು, ಬಾರೇ ಮಗಳೇ ಎಂದು. ಅಷ್ಟೇ. ಮತ್ತೆ ಅದನ್ನೇ ಅಂದಳು. ಸಾನ್ವಿ ಅವಳ ತುಟಿಯನ್ನೇ ನೋಡುತ್ತಿದ್ದಳು, ಈ ಬಾಯಿ ತೆರೆಯುತ್ತದೆ ಎಂದು ಮೊದಲ ಸಲ ಗೊತ್ತಾದವಳ ಹಾಗೆ.

ನಿಮ್ಮ ನೆನಪಿನ ಸಭೆ ಮುಂದಿನ ತಿಂಗಳು. ಮಾತಾಡಲು ನನ್ನನ್ನೇ ಕರೆದಿದ್ದಾರೆ. ಬರುತ್ತೇನೆ. ನೀವು ಜೈಲಿಗೆ ಹೋದದ್ದು, ನಮ್ಮ ಮಕ್ಕಳಿಗೆ ಶಾಲೆ ತಂದದ್ದು, ಅದೆಲ್ಲ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆಮೇಲೆ ಈ ಆಣೆಯ ಸುದ್ದಿಯನ್ನೂ ಹೇಳುತ್ತೇನೆ. ಬೇಸರವಾದವರು ಎದ್ದು ಹೋಗಲಿ. ಈಗಲೂ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇದೇ ಆಣೆ ಬೇರೆ ವೇಷದಲ್ಲಿ ನಡೆಯುತ್ತಿದೆ ಗೊತ್ತೇ? ಅಂದು ಕನ್ನಡದ ಹೆಸರಲ್ಲಿ, ಇಂದು ಇಂಗ್ಲಿಷಿನ ಹೆಸರಲ್ಲಿ. ಅಜ್ಜಿಯ ಬಾಯಿ ಮುಚ್ಚಿಸಿ ಕೂಸಿನ ಎದುರು ಪರದೆ ಇಡುವವರು… ಅವರಿಗೂ ಹೇಳಬೇಕು.

ನೀವು ಕೇಳದೇ ಹೋದ ಸುದ್ದಿ ಒಂದಿದೆ. ಮೊನ್ನೆ ಕಾರವಾರದಲ್ಲಿ, ಮಧ್ಯಾಹ್ನ, ಕಚೇರಿಯ ಎದುರು ಮೈಕು ಹಿಡಿದು ನಿಂತಿದ್ದೆ. ನಾಲ್ಕು ತಿಂಗಳಾಗಿತ್ತು ಆಯಿ ಮಾತು ಶುರು ಮಾಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳದು ಒಂದೇ ಸಮನೆ ಮಾತು, ಬೈಗುಳ, ಹಾಡು, ಕಾಗೆಯ ಸುದ್ದಿ, ಬಂಗಡೆಯ ಸುದ್ದಿ. ಕೂಸು ಸದ್ದು ಮಾಡುತ್ತಿತ್ತು, ಕೈ ತೋರಿಸುತ್ತಿತ್ತು, ಮಾತು ಇರಲಿಲ್ಲ. ಫೋನು ಬಂತು. ಆಯಿ ಕಿರುಚುತ್ತಿದ್ದಳು.

“ನಾಗೂ, ನಿನ್ನ ಮೊಮ್ಮಗಳು ನನ್ನ ಸಂಗ್ತಿಗೆ ಜಗಳ ಕಾಯ್ತದ್ಯೇ! ಗಂಜಿ ತಟ್ಟೆ ದೂಕ್ತು. ಕೇಳು, ಕೇಳು!”

ಫೋನನ್ನು ಕೂಸಿನ ಬಾಯಿಗೆ ಹಿಡಿದಿರಬೇಕು. ಮೊದಲು ಉಸಿರು. ಆಮೇಲೆ ಕೇಳಿತು, ಸ್ಪಷ್ಟವಾಗಿ, ಸಿಟ್ಟಿನಲ್ಲಿ: “ನಾಕಾ.”

ಬೇಡ ಅಂತ ಮಾಸ್ತರರೇ. ಆಯಿ ಯಾಕೆ ಬೇಡ ಎಂದು ಗದರಿದಳು. ಉತ್ತರ ಬಂತು, ಇನ್ನೂ ಜೋರಾಗಿ: “ನಾಕಾ!” ಕೊಂಕಣಿಯಲ್ಲಿ. ನಾನು ಮೈಕನ್ನು ಪಕ್ಕದವಳ ಕೈಗೆ ತುರುಕಿ ಶಿರವಾಡದ ಬಸ್ಸಿಗೆ ಓಡಿದೆ.

ನಾಗವೇಣಿ