ಅಡ್ಡಬಿಲ್ಲಿನ ಹೆದೆ

19-11-1979, ಸೋಮವಾರ

ಬೆಳಿಗ್ಗೆ ಎರಡು ಲಾರಿ ಸ್ಪ್ರಿಂಗಿನ ಪ್ಲೇಟು ತಟ್ಟಿದೆ. ಮಧ್ಯಾಹ್ನ ಪೋಕರನ ಬಾಡಿಗೆ ಜೀಪು — ಮುಂದಿನ ಸ್ಪ್ರಿಂಗ್ ಪುನಃ ತುಂಡು. ಕಡಬದಿಂದ ಇಲ್ಲಿ ದರ್ಬೆಗೆ ಹದಿನಾಲ್ಕು ಜನರನ್ನು ಹೇರಿಕೊಂಡು ಬಂದರೆ ಇನ್ನೇನಾಗಬೇಕು. ಹೇಳಿದರೆ ನಗುತ್ತಾನೆ.

ಆ ಹದಿನಾಲ್ಕರಲ್ಲಿ ಒಬ್ಬರು ರಾಮಪ್ರಸಾದರು, ಕಡಬದ ಕಡೆಯವರು. ದೊಡ್ಡ ಮನೆ. ಮಾತು ಮನೆಗಿಂತ ದೊಡ್ಡದು. ಓಟು ಬಂತೆಂದು ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿದ್ದಾರಂತೆ. ಅಷ್ಟರಲ್ಲಿ ಜಿಂಕೆಗಳು ಅಲಸಂಡೆ ಬಳ್ಳಿ ಮುಗಿಸುತ್ತಿವೆಯಂತೆ. ಕಿಸೆಯಿಂದ ಇಂಗ್ಲಿಷ್ ಪತ್ರಿಕೆಯ ಹಾಳೆ ತೆಗೆದರು. ಕೋವಿಯಂಥ ಹಿಡಿ, ಅದರ ತಲೆಗೆ ಅಡ್ಡವಾಗಿ ಬಿಲ್ಲು. ಕ್ರಾಸ್‌ಬೋ.

"ಶಬ್ದವೂ ಇಲ್ಲ, ಸ್ಟೇಷನ್ನಿಗೆ ಕೊಡುದೂ ಇಲ್ಲ. ಮಾಡ್ಲಿಕ್ಕೆ ಆಗ್ತದಾ ಆಚಾರ್ರೆ?"

"ಜಿಂಕೆ ಹೊಡೆದ್ರೆ ಕೇಸು, ಗೊತ್ತುಂಟಲ್ಲ?"

"ನೀವು ಬಿಲ್ಲು ಮಾಡಿ ಮಾರಾಯ್ರೆ. ಕೇಸು ನಾನು ನೋಡ್ತೇನೆ."

ಬೇಡ ಎನ್ನಬೇಕಿತ್ತು. ಚಿತ್ರ ನೋಡಿ ಕೈ ತುರಿಸಿತು. ಹನ್ನೊಂದು ವರ್ಷದಿಂದ ಲಾರಿ ಪ್ಲೇಟು ತಟ್ಟುತ್ತಿರುವವನಿಗೆ ಬೇರೆ ಕೆಲಸ ಅಂತ ಬಂದದ್ದು ಇದೇ ಮೊದಲು.

27-11-1979, ಮಂಗಳವಾರ

ಯಾವುದರಲ್ಲಿ ಮಾಡುವುದು? ಬಿದಿರು ಒಂದು ಮಳೆಗಾಲಕ್ಕೆ ಸೋಲುತ್ತದೆ. ಲಾರಿ ಪ್ಲೇಟು ಹಾಕಿದರೆ ಎಳೆಯಲು ಆನೆ ಬೇಕು. ಕೊನೆಗೆ ಪೋಕರನ ತುಂಡು ಪ್ಲೇಟೇ ಸರಿ ಅನಿಸಿತು. ಕಾಯಿಸಿ, ಅಂಚು ಕಡಿದು, ತೆಳು ಮಾಡಿದೆ. ಹಲಸಿನ ಹಿಡಿ. ಮುಂದೆ ಕಾಲು ತೂರಿಸಲು ಕಬ್ಬಿಣದ ಬಳೆ — ಅದನ್ನು ಮೆಟ್ಟಿ, ಎರಡು ಕೈಯಲ್ಲಿ ಹೆದೆ ಎಳೆದು ಕೊಕ್ಕೆಗೆ ಸಿಕ್ಕಿಸುವುದು. ಹೆದೆಗೆ ಮಂಗಳೂರು ಬಂದರಿನ ಬಲೆಯ ನೈಲಾನ್ ನೂಲು, ಇಪ್ಪತ್ತನಾಲ್ಕು ಎಳೆ, ಮೇಲೆ ಜೇನುಮೇಣ. ಕೊಕ್ಕೆಗೆ ಉಜ್ಜಿ ಸವೆಯಬಾರದೆಂದು ನಡುವಿಗೆ ನೂಲಿನ ಸುತ್ತು.

ಮೂವತ್ತು ಹೆಜ್ಜೆಯಿಂದ ಬಿಟ್ಟೆ. ಬಾಣ ತೆಂಗಿನ ಸಿಪ್ಪೆ ತುಂಬಿದ ಗೋಣಿ ದಾಟಿ ಹಿಂದಿನ ಮಣ್ಣಿಗೆ ಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

8-12-1979, ಶನಿವಾರ

ಬಿಲ್ಲು ಕೊಂಡುಹೋದರು. ಜೊತೆಗೆ ತಂಗಿ. ನರಿಮೊಗರಿನಲ್ಲಿ ದೊಡ್ಡಮ್ಮನ ಮನೆಯಂತೆ, ತಿಂಗಳಿಗೊಮ್ಮೆ ಹೋಗುವವರು.

ರಾಮಪ್ರಸಾದರ ಮೊದಲ ಬಾಣ ಪಕ್ಕದ ಹೋಟೆಲಿನ ಹಂಚಿಗೆ. ಎರಡನೆಯದು ಎಲ್ಲಿ ಹೋಯಿತೆಂದು ಇನ್ನೂ ಗೊತ್ತಿಲ್ಲ. ಹಂಚಿನ ರಾಜಿ ಮಾಡಲು ಹೋಟೆಲಿಗೆ ಹೋದರು. ತಂಗಿ ಕೇಳಿದರು, "ನಾನೊಮ್ಮೆ ನೋಡ್ಲಾ?" ಬಳೆ ಮೆಟ್ಟಿದರು, ಎಳೆದರು, ಉಸಿರು ಹಿಡಿದು ಬಿಟ್ಟರು. ಗೋಣಿಯ ನಟ್ಟನಡುವೆ.

ಜೋಪಾನ ಹೇಳಿಕೊಟ್ಟದ್ದೂ ಅವರಿಗೇ. ಕೆಲಸವಾದ ಮೇಲೆ ಹೆದೆ ಇಳಿಸಬೇಕು. ಬಾಣವಿಲ್ಲದೆ ಬಿಡಲೇಬಾರದು, ಪ್ಲೇಟು ಒಡೆಯುತ್ತದೆ. ತಿಂಗಳಿಗೊಮ್ಮೆ ಮೇಣ. ಎಲ್ಲವನ್ನೂ ಒಮ್ಮೆ ತಿರುಗಿ ಹೇಳಿದರು, ತಪ್ಪಿಲ್ಲದೆ.

ಅಂಗಡಿಗೆ ಯಾವ ಹೆಂಗಸು ಬಂದರೂ ಅಕ್ಕ ಎನ್ನುವುದು ಅಭ್ಯಾಸ. ಇವತ್ತು ಬಾಯಿಗೆ ಬರಲಿಲ್ಲ. ಹೆಸರು ಕೇಳುವ ಧೈರ್ಯವೂ ಆಗಲಿಲ್ಲ.

5-1-1980, ಶನಿವಾರ

ರಾಮಪ್ರಸಾದರ ತಂಗಿ ಒಬ್ಬರೇ ಬಂದರು. ಬಿಲ್ಲನ್ನು ಗೋಣಿಯಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು.

"ಹೆದೆ ಹೋಯ್ತು ಆಚಾರ್ರೆ. ಅಣ್ಣ ಜಿಂಕೆಗೆ ಹೊರಟಿದ್ರು, ಎಳೆಯುವಾಗ ತುಂಡು."

ನಾಚಿಕೆಯಾಯಿತು. ಒಂದು ತಿಂಗಳಿಗೇ! ಹಳೆಯದನ್ನು ಮೊಳೆಗೆ ನೇತುಹಾಕಿ ಹೊಸತು ಕಟ್ಟಲು ಕುಳಿತೆ. ನೂಲು ತಿರುಚುವಾಗ ಆಚೆ ತುದಿ ಹಿಡಿಯಲು ಜನ ಬೇಕು. ಅವರೇ ಹಿಡಿದರು. ಹತ್ತಡಿ ದೂರ ನಿಂತು, ಒಂದು ಗಂಟೆ. ಈಚೆ ನಾನು ತಿರುಚಿದ್ದೆಲ್ಲ ಆಚೆ ಅವರ ಬೆರಳಿಗೆ ತಿಳಿಯುತ್ತಿತ್ತು. "ಬಿಗಿ ಆಯ್ತು", "ಇನ್ನೊಂಚೂರು" — ಅಷ್ಟೇ ಮಾತು. ಆಮೇಲೆ ಲಾರಿ ಪ್ಲೇಟು ತಟ್ಟಲು ಮನಸ್ಸಾಗಲಿಲ್ಲ.

2-2-1980, ಶನಿವಾರ

ಪುನಃ ತುಂಡು! ಈ ಸಲ ಮೂವತ್ತು ಎಳೆ. ಅವರು ತುದಿ ಹಿಡಿದರು.

"ಜಿಂಕೆಗೆ ನೀವು ಬಾಣ ಬಿಡುದುಂಟಾ?" ಎಂದು ಕೇಳಿದೆ.

"ಇಲ್ಲಪ್ಪ. ತೆಂಗಿನ ಸಿಪ್ಪೆಗೆ ಮಾತ್ರ. ಜಿಂಕೆ ನೋಡ್ಲಿಕ್ಕೆ ಚಂದ, ಹೊಡೀಲಿಕ್ಕೆ ಎಂತಕ್ಕೆ?"

ಕೆಲಸ ಕೆಟ್ಟದ್ದಕ್ಕೆ ಸಂತೋಷಪಡುವ ಆಚಾರಿ ನಾನೊಬ್ಬನೇ ಇರಬೇಕು. ಅಪ್ಪ ಇದ್ದಿದ್ದರೆ ಸುತ್ತಿಗೆ ಎಸೆಯುತ್ತಿದ್ದರು.

1-3-1980, ಶನಿವಾರ

ಮೂರನೇ ಸಲ. ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದೆ. ಹಲಸಿನಕಾಯಿ ಕೊಯ್ಯುವಾಗ ಕತ್ತಿ ತಾಗಿತಂತೆ.

"ಅಣ್ಣ ಬೈದ್ರು. ಆಚಾರಿಗೆ ಹಗ್ಗ ಕಟ್ಲಿಕ್ಕೆ ಬರುದಿಲ್ಲ ಅಂತ. ನೀವು ಬೇಜಾರು ಮಾಡ್ಬೇಡಿ. ನೂಲಲ್ವಾ, ಹೋಗುದೇ."

ಉರಿದುಹೋಯಿತು. ಪೋಕರನೂ ಪಕ್ಕದಲ್ಲೇ ನಿಂತು ಕಿಸಕ್ಕನೆ ನಕ್ಕ. ಬಿಲ್ಲು ಇಟ್ಟು ಹೋಗಿ, ಮುಂದಿನ ಶನಿವಾರ ಬನ್ನಿ ಎಂದೆ. ತುದಿ ಹಿಡಿಯಬೇಡವಾ ಎಂದರು. ಬೇಡ ಎಂದುಬಿಟ್ಟೆ.

6-3-1980, ಗುರುವಾರ

ಸ್ಕೂಟರಿನ ಕ್ಲಚ್ ತಂತಿ. ಏಳು ಎಳೆ ಉಕ್ಕು. ಬಾಣ ಇಟ್ಟು ಇನ್ನೂರು ಸಲ ಎಳೆದು ಬಿಟ್ಟೆ, ಒಂದು ಕೂದಲೆಳೆ ಅಲ್ಲಾಡಲಿಲ್ಲ. ಹೇಳಲಿ ಈಗ ರಾಮಪ್ರಸಾದ!

8-3-1980, ಶನಿವಾರ

ಕೊಟ್ಟೆ. ಎದೆಯುಬ್ಬಿಸಿ ಹೇಳಿದೆ — "ಇನ್ನು ಹತ್ತು ವರ್ಷ ನೀವು ಬರುವ ಕೆಲಸವೇ ಇಲ್ಲ."

"ಹತ್ತು ವರ್ಷವಾ?"

"ಬರೆದುಕೊಡ್ತೇನೆ."

ತಂತಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. "ಎಷ್ಟು ಗಟ್ಟಿ ಮಾಡುದು ಆಚಾರ್ರೆ ನೀವು" ಎಂದರು. ಶರಬತ್ತು ತರಿಸಿದ್ದೆ, ಕುಡಿಯಲಿಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

12-4-1980, ಶನಿವಾರ

ಬರಲಿಲ್ಲ. ಏಕೆ ಬರಬೇಕು? ನಾನೇ ಕಟ್ಟಿದ್ದು. ಕಳೆದ ಶನಿವಾರವೂ ಅವರಿಗೆಂದು ಸ್ಟೂಲು ಒರೆಸಿದ್ದೆ, ಇವತ್ತೂ ಒರೆಸಿದೆ.

ನನಗೆ ಅವರು ಬೇಕು. ಬರೆದೇಬಿಟ್ಟೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ — ಅವರ ಜಾತಿ ಯಾವುದು, ಮನೆ ಯಾವುದು, ನಾನು ಯಾರು.

3-5-1980, ಶನಿವಾರ

ಇಲ್ಲ. ಪೋಕರ್ ಸುದ್ದಿ ತಂದ. ಮಾರ್ಚಿಯಲ್ಲೇ ಒಂದು ಜಿಂಕೆ ಬಿತ್ತಂತೆ, ನನ್ನ ಬಿಲ್ಲಿಗೆ. ತಂಗಿ ಮೂರು ದಿನ ಅಣ್ಣನೊಡನೆ ಮಾತಾಡಲಿಲ್ಲವಂತೆ. ಆಮೇಲೆ ಫಾರೆಸ್ಟ್ ಗಾರ್ಡು ಮನೆಗೆ ಬಂದು ವಿಚಾರಿಸಿ ಹೋದನಂತೆ. ಅಂದಿನಿಂದ ಬಿಲ್ಲು ಅಟ್ಟದ ಮೇಲೆ.

ನನ್ನ ಹಟಕ್ಕೆ ಜಿಂಕೆಯೂ ಹೋಯಿತು, ಅವರು ಬರುವುದೂ ಹೋಯಿತು.

20-5-1980, ಮಂಗಳವಾರ

ರಾಮಪ್ರಸಾದರು ಬಂದರು. ಬಿಲ್ಲಿನ ಗೋಣಿ ನನ್ನ ಮೇಜಿನ ಮೇಲಿಟ್ಟರು.

"ಇದು ನಿಮ್ಮಲ್ಲೇ ಇರ್ಲಿ ಮಾರಾಯ್ರೆ. ಅಟ್ಟ ಹತ್ತಿಸಿ ಎರಡು ತಿಂಗಳಾಯ್ತು, ನಾನು ಮುಟ್ಲೇ ಇಲ್ಲ. ಮದುವೆ ಮನೆಯಲ್ಲಿ ಪುನಃ ಗಾರ್ಡು ಬಂದ್ರೆ ಮರ್ಯಾದೆ ಎಂತದು?"

"ಯಾರ ಮದುವೆ?"

"ತಂಗಿದು. ಹುಡುಗ ಜಾಲ್ಸೂರಿನವ್ರು. ಭಾನುವಾರ. ಬನ್ನಿ ನೀವೂ." ಮದುವೆ ಕಾಗದ ಕೊಟ್ಟು ಹೋದರು.

ಕಾಗದದಲ್ಲಿ ಅವರ ಹೆಸರು ಅಚ್ಚಾಗಿದೆ. ಆರು ತಿಂಗಳು ಕೇಳಲು ಹೆದರಿದ ಹೆಸರನ್ನು ಇಲ್ಲಿ ಓದಬೇಕಾಯಿತು. ಬರೆದಿಡುವುದಿಲ್ಲ. ಇನ್ನೊಂದು ಮನೆಗೆ ಹೋಗುವ ಹೆಸರು.

21-5-1980, ಬುಧವಾರ, ಮಧ್ಯಾಹ್ನ

ಊಟ ಸೇರಲಿಲ್ಲ. ಸುಮ್ಮನೆ ಕೂರಲಾಗದೆ ಬಿಲ್ಲು ಬಿಚ್ಚಿದೆ, ಎಣ್ಣೆ ಹಾಕೋಣವೆಂದು.

ತಂತಿಯ ನಡುವೆ, ನೂಲಿನ ಸುತ್ತು ಸಡಿಲ. ಸರಿಸಿ ನೋಡಿದೆ. ಏಳರಲ್ಲಿ ಮೂರು ಎಳೆ ತುಂಡು. ಸವೆದದ್ದಲ್ಲ. ಅರ ಹಾಕಿ ಉಜ್ಜಿದ್ದು, ಕತ್ತಿ ಮಸೆಯುವ ಅರ.

ಎದ್ದು ಮೊಳೆಯಲ್ಲಿದ್ದ ಮೂರೂ ಹಳೆಯ ಹೆದೆ ಇಳಿಸಿದೆ. ಸುತ್ತಿನ ಅಡಿಯಲ್ಲಿ ಮೂರರಲ್ಲೂ ಅರ್ಧದಷ್ಟು ಎಳೆಗಳು ನೇರ, ಕತ್ತಿಯಲ್ಲಿ ಕೊಯ್ದ ಹಾಗೆ. ಹೆಬ್ಬೆರಳ ಬಟ್ಟೆ! ಹಲಸಿನಕಾಯಿಯಂತೆ! ಇಷ್ಟು ದಿನ ಕಣ್ಣೆದುರೇ ನೇತಾಡುತ್ತಿತ್ತು. ಅವರು ಬಂದ ದಿನ ಹೆದೆ ನೋಡಿದವನು ಯಾರು?

ಜಿಂಕೆಗಾಗಿ ಕೊಯ್ದದ್ದು. ಅಣ್ಣ ಬೇಟೆಗೆ ಹೊರಟ ದಿನವೇ ತುಂಡಾಗುತ್ತಿತ್ತಲ್ಲ. ಹಾಗೆಂದುಕೊಂಡು ತಂತಿ ಕೆಳಗಿಟ್ಟೆ.

ಸಂಜೆ

ಪುನಃ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ತುಂಡಾದ ಮೂರು ಎಳೆಗಳ ತುದಿಯಲ್ಲಿ ತುಕ್ಕು, ಅದು ಹಳೆಯದು. ನಾಲ್ಕನೆಯದು ಅರ್ಧ ಉಜ್ಜಿ ಬಿಟ್ಟದ್ದು. ಆ ಗಾಯ ಬೆಳ್ಳಗೆ ಹೊಳೆಯುತ್ತಿದೆ. ಕಬ್ಬಿಣದ ವಿಷಯದಲ್ಲಿ ನಾನು ತಪ್ಪುವುದಿಲ್ಲ — ನಾಲ್ಕು ದಿನದ ಒಳಗಿನದು.

ಬಿಲ್ಲು ಅಟ್ಟ ಹತ್ತಿ ಎರಡು ತಿಂಗಳು. ಬೇಟೆ ನಿಂತಿದೆ. ಈ ವಾರ ಅಟ್ಟ ಹತ್ತಿ, ಮದುವೆ ಮನೆಯ ಗಲಾಟೆಯ ನಡುವೆ ಕೂತು ಅರ ಹಾಕಿದ್ದು ಯಾವ ಜಿಂಕೆಗೆ?

ಹತ್ತು ವರ್ಷ ಎಂದಿದ್ದೆ. ಬರೆದುಕೊಡ್ತೇನೆ ಎಂದಿದ್ದೆ. ನಾನೊಬ್ಬ ಕತ್ತೆ.

22-5-1980, ಗುರುವಾರ, ಬೆಳಿಗ್ಗೆ 6.40

ಅಂಗಡಿ ತೆರೆದಿಲ್ಲ. ಪೋಕರನಿಗೆ ಹೇಳಿದ್ದೇನೆ, ಕಡಬಕ್ಕೆ ಒಂದು ಸೀಟು. ಏಕೆಂದು ಕೇಳಿದ. ಹೆದೆ ರಿಪೇರಿ ಎಂದೆ. ನಗಲಿಲ್ಲ, ಈ ಸಲ. "ಹೊಡೀತಾರೆ ಮಾರಾಯ ನಿನ್ನನ್ನು" ಎಂದ. ಹೊಡೆಯಲಿ.

ಕಿಸೆಯಲ್ಲಿ ನೈಲಾನ್ ನೂಲಿನ ಉಂಡೆ. ಒಂದು ತುದಿ ಹಿಡಿಯಿರಿ ಎನ್ನುವುದು, ಅಷ್ಟೇ. ಹಿಡಿದರೆ ಹಿಡಿದರು.

ಮೊದಲು ಕರೆಯಬೇಕಲ್ಲ. ಅಕ್ಕ ಎಂದು ಬಾಯಿ ತಪ್ಪಿಯೂ ಬರಬಾರದು. ಹೆಸರು ಒಮ್ಮೆಯೂ ಹೇಳಿದವನಲ್ಲ, ನಾಲಿಗೆ ತೊದಲುತ್ತದೆ. ಇಲ್ಲಿ ಬರೆದು ಅಭ್ಯಾಸ ಮಾಡುತ್ತೇನೆ. ಜೀಪು ಬಂತು, ಹಾರನ್ ಹೊಡೆಯುತ್ತಿದ್ದಾನೆ.

ಈಶ್ವರಿ. ಈಶ್ವರಿ. ಈಶ್ವ